ಹಸಿ ಕೋಡು ಮಾರಿದವರಿಗೆ ಪರಿಮಳ ದಕ್ಕಲಿಲ್ಲ

ಸುಬ್ರಹ್ಮಣ್ಯನ ಭಕ್ತರು ಮೂರು ಕ್ಷೇತ್ರಗಳನ್ನು ಒಂದೇ ಎಳೆಯಲ್ಲಿ ಪೋಣಿಸಿ ಹೇಳುವುದುಂಟು. ಪಶ್ಚಿಮಘಟ್ಟದ ಬುಡದಲ್ಲಿರುವ ಕುಕ್ಕೆ ಆದಿ ಸುಬ್ರಹ್ಮಣ್ಯ, ದೊಡ್ಡಬಳ್ಳಾಪುರದ ಬಳಿಯ ಘಾಟಿ ಮಧ್ಯ ಸುಬ್ರಹ್ಮಣ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ. ದೇವರು ಒಬ್ಬನೇ ಆದರೂ ಈ ನೆಲಗಳಿಗೆ ದಕ್ಕಿದ ಮಳೆ ಒಂದೇ ಅಲ್ಲ. ಕುಕ್ಕೆಯ ಸುತ್ತಿನ ಕಾಡಿನಲ್ಲಿ ವರ್ಷಕ್ಕೆ ೪,೦೦೦ ಮಿ.ಮೀ. ಆಸುಪಾಸಿನಲ್ಲಿ ಮಳೆ ಸುರಿದರೆ, ಉತ್ತರ ಪಿನಾಕಿನಿಯ ದಂಡೆಯ ನಾಗಲಮಡಿಕೆಯಲ್ಲಿ ೫೦೦-೬೦೦ ಮಿ.ಮೀ. ಬಿದ್ದರೆ ಒಳ್ಳೆಯ ವರ್ಷವೆಂದೇ ಲೆಕ್ಕ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು, ಹಿಂದೂಪುರಗಳನ್ನು ಹಾದು ಇಲ್ಲಿಗೆ ಬರುವ ಆ ನದಿಯಲ್ಲಿ ವರ್ಷದ ಬಹುಕಾಲ ಕಾಣುವುದು ಮರಳು ಮಾತ್ರ.

ಈ ವ್ಯತ್ಯಾಸವನ್ನು ಈಗ ನೆನಪಿಸಿಕೊಳ್ಳಬೇಕಾದ ಕಾರಣವಿದೆ. ಎರಡು ದಶಕಗಳ ಹಿಂದೆ ಕುಕ್ಕೆ, ಸುಳ್ಯ, ಪುತ್ತೂರುಗಳಿಂದ ಸಾಗರ, ಶಿರಸಿಗಳವರೆಗಿನ ಅಡಿಕೆ ತೋಟಗಳಲ್ಲಿ ಹಬ್ಬಿ, ಹೊಗಳಿಸಿಕೊಂಡು, ಕೊನೆಗೆ ಬೆಳೆಸಿದವರಿಂದಲೇ ಕೈಬಿಡಲ್ಪಟ್ಟ ಒಂದು ಬಳ್ಳಿಯಿದೆ. ಅದು ವೆನಿಲ್ಲಾ. ಅದರ ಬೆಲೆ ಏರಿದಾಗಲೆಲ್ಲ ಹಳೆಯ ಆಸೆ ಮತ್ತೆ ಚಿಗುರುತ್ತದೆ; ಈಚಿನ ವರ್ಷಗಳಲ್ಲಿ ಅದು ಬಯಲುಸೀಮೆಗೂ ಇಳಿದಿದೆ. ನೆರಳುಪರದೆ ಕಟ್ಟಿ, ಕೊಳವೆಬಾವಿಯ ನೀರನ್ನು ಹನಿಸಿ, ಅರ್ಧ ಎಕರೆಯಲ್ಲಿ ವೆನಿಲ್ಲಾ ಬೆಳೆದು, ಮನೆಯಲ್ಲಿಯೇ ಸಾರ ತೆಗೆದು ಮಾರಿದರೆ ಬಡತನ ಹರಿಯುತ್ತದೆ ಎಂಬ ಮಾತು ಕೇಳಲು ಹಿತವಾಗಿದೆ. ಸಾಲ ಮಾಡಿ ಪರದೆ ಕಟ್ಟುವ ಮೊದಲು ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ನೋಡುವುದು ಒಳ್ಳೆಯದು. ಮಲೆನಾಡಿನ ಅನುಭವ ಹೇಳುವುದು ಇಷ್ಟು: ಬೆಳೆ ಮೊದಲು ನೆಲಕ್ಕೆ ಒಪ್ಪಬೇಕು, ಒಪ್ಪಿದ ಮೇಲೂ ಅದರ ಕೊನೆಯ ಹಂತದ ಕೆಲಸ ಬೆಳೆದವರ ಕೈಯಲ್ಲಿ ಇಲ್ಲದಿದ್ದರೆ ಲಾಭ ನಿಲ್ಲದು.

ಬಳ್ಳಿಯ ಬೇಡಿಕೆ

ವೆನಿಲ್ಲಾ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮಳೆಕಾಡಿನ ಬಳ್ಳಿ. ಮಲೆನಾಡಿನ ಮರಗಳ ಮೇಲೆ ಜೋತುಬೀಳುವ ಸೀತಾಳೆಯ ಕುಟುಂಬಕ್ಕೆ, ಅಂದರೆ ಆರ್ಕಿಡ್ ಕುಟುಂಬಕ್ಕೆ ಸೇರಿದ್ದು. ಇದರ ಬೇರು ಆಳಕ್ಕೆ ಇಳಿಯುವುದಿಲ್ಲ. ನೆಲದ ಮೇಲಿನ ಕೊಳೆತ ದರಕಿನ ಪದರದಲ್ಲಿ ಹರಡಿಕೊಳ್ಳುತ್ತದೆ. ಪ್ರತಿ ಗೆಣ್ಣಿನಿಂದ ಹೊರಡುವ ಗಾಳಿಬೇರುಗಳು ಆಧಾರದ ಮರವನ್ನು ತಬ್ಬಿ, ಗಾಳಿಯ ತೇವವನ್ನು ಹೀರುತ್ತವೆ. ವರ್ಷಕ್ಕೆ ೧,೫೦೦ರಿಂದ ೩,೦೦೦ ಮಿ.ಮೀ. ಮಳೆ, ೨೧ರಿಂದ ೩೨ ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಅರ್ಧ ನೆರಳು ಅರ್ಧ ಬೆಳಕು, ನೀರು ನಿಲ್ಲದ ಇಳಿಜಾರು, ಇವು ಅದರ ಮೂಲಭೂತ ಬೇಡಿಕೆಗಳು. ಹೂ ಬಿಡುವ ಮುನ್ನ ಒಂದೆರಡು ತಿಂಗಳ ಒಣ ಹವೆಯೂ ಬೇಕು. ಮಳೆಗಾಲ ಮುಗಿದು ಚಳಿ ಆರಂಭವಾಗುವ ಮಲೆನಾಡಿನ ಋತುಚಕ್ರ ಇದಕ್ಕೆ ಹೊಂದಿಕೊಂಡಿತು. ಗ್ಲಿರಿಸೀಡಿಯಾ, ಹಾಲುವಾಣ, ಅಡಿಕೆ ಮರಗಳು ಆಧಾರವಾದವು. ಸೊಪ್ಪಿನಬೆಟ್ಟದ ದರಕು ಗೊಬ್ಬರವಾಯಿತು.

ನಾಗಲಮಡಿಕೆಯ ಏಪ್ರಿಲ್ ತಿಂಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪರದೆ ಬಿಸಿಲನ್ನು ತಡೆಯಬಲ್ಲದು. ಹನಿ ನೀರಾವರಿಯು ಬೇರನ್ನು ತೋಯಿಸಬಲ್ಲದು. ಅಷ್ಟರಿಂದ ಬಳ್ಳಿ ಸಾಯದೆ ಉಳಿಯಬಹುದು. ಆದರೆ ಬಂಡೆಗುಡ್ಡಗಳ ಮೇಲಿಂದ ಬೀಸುವ ಒಣಗಾಳಿಯನ್ನು ಮಳೆಕಾಡಿನ ಗಾಳಿಯನ್ನಾಗಿ ಮಾಡಲು ದಿನಕ್ಕೆ ಹಲವು ಬಾರಿ ಮಂಜಿನಂತೆ ನೀರು ಸಿಂಪಡಿಸುತ್ತಲೇ ಇರಬೇಕು. ಒಂದು ಎಕರೆಯ ಮೇಲೆ ೧೦೦ ಮಿ.ಮೀ. ಮಳೆ ಬಿದ್ದಾಗ ದೊರೆಯುವ ನೀರು ಸುಮಾರು ೪ ಲಕ್ಷ ಲೀಟರು. ಬಳ್ಳಿ ಬೇಡುವ ಮಳೆಗೂ ಇಲ್ಲಿ ಬೀಳುವ ಮಳೆಗೂ ಕನಿಷ್ಠ ೯೦೦ ಮಿ.ಮೀ. ಅಂತರವಿದೆ. ಪರದೆಯೊಳಗೆ ನೀರಿನ ಖರ್ಚು ಎಷ್ಟೇ ತಗ್ಗಿದರೂ ಕೊರತೆಯ ಒಂದು ಪಾಲನ್ನಾದರೂ ತುಂಬುವವರು ಯಾರು? ಕೊಳವೆಬಾವಿ. ಕುಡಿಯುವ ನೀರಿನಲ್ಲಿ ಬೆರೆತ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡಿಸಿಕೊಂಡ ಜನರಿರುವ ತಾಲ್ಲೂಕಿನಲ್ಲಿ, ಆಳದ ನೀರನ್ನು ಇನ್ನಷ್ಟು ಮೇಲೆತ್ತಿ, ಹೊರದೇಶದ ಐಸ್‌ಕ್ರೀಮಿನ ಪರಿಮಳಕ್ಕೆಂದು ಗಾಳಿಗೆ ಸಿಂಪಡಿಸುವುದು ವಿಜ್ಞಾನವೂ ಅಲ್ಲ, ವಿವೇಕವೂ ಅಲ್ಲ. ಗಡಸಾದ, ಉಪ್ಪಿನಂಶವುಳ್ಳ ನೀರು ಈ ಜಾತಿಯ ಸಸ್ಯಗಳ ಎಳೆಬೇರಿಗೆ ಹಿತವಲ್ಲ ಎಂಬುದು ಇನ್ನೊಂದು ತೊಡಕು.

ಆದ್ದರಿಂದ ಒಣಸೀಮೆಯ ಮಟ್ಟಿಗೆ ಉತ್ತರ ಸರಳ: ವೆನಿಲ್ಲಾ ಇಲ್ಲಿನ ಬೆಳೆಯಲ್ಲ. ಹಾಗೆಂದು ಅದರ ಕಥೆ ಇಲ್ಲಿಯವರಿಗೆ ಬೇಡವೆಂದಲ್ಲ. ಎಲ್ಲ ಅನುಕೂಲಗಳಿದ್ದ ಮಲೆನಾಡಿನಲ್ಲಿಯೂ ಅದು ಏಕೆ ನೆಲಕಚ್ಚಿತು ಎಂಬುದನ್ನು ಬೆಟ್ಟದವರೂ ಬಯಲಿನವರೂ ತಿಳಿಯಬೇಕು.

ಒಂದು ಬೆಳಗಿನ ಹೂವು

ನೆಟ್ಟ ಮೂರನೆಯ ವರ್ಷದ ಸುಮಾರಿಗೆ ಬಳ್ಳಿ ಹೂಗೊಂಚಲು ಬಿಡುತ್ತದೆ. ಗೊಂಚಲೊಂದರಲ್ಲಿ ಹದಿನೈದಿಪ್ಪತ್ತು ಹೂಗಳಿದ್ದರೂ ದಿನಕ್ಕೆ ಅರಳುವುದು ಒಂದೆರಡು. ಅರಳಿದ ಹೂ ಅದೇ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ತೆಳುವಾದ ಒಂದು ಪೊರೆಯಿರುವುದರಿಂದ ತಾನಾಗಿ ಕಾಯಿ ಕಟ್ಟುವುದು ಬಲು ಅಪರೂಪ. ತವರಿನ ಕಾಡಿನಲ್ಲಿ ಅದಕ್ಕೆ ಜೊತೆಯಾದ ಕೀಟಗಳು ಇಲ್ಲಿಲ್ಲ. ಹೀಗಾಗಿ ಪ್ರತಿಯೊಂದು ಹೂವಿಗೂ ಮನುಷ್ಯನ ಬೆರಳೇ ದುಂಬಿಯಾಗಬೇಕು.

ಈ ಕೈಚಳಕದ ಇತಿಹಾಸದಲ್ಲಿಯೇ ವೆನಿಲ್ಲಾದ ಅರ್ಥಶಾಸ್ತ್ರವೂ ಅಡಗಿದೆ. ೧೮೩೬ರಲ್ಲಿ ಬೆಲ್ಜಿಯಂನ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಮೋರೆನ್ ಕೃತಕ ಪರಾಗಸ್ಪರ್ಶವನ್ನು ಸಾಧಿಸಿದರೂ ತೋಟದಲ್ಲಿ ನಡೆಯುವ ವಿಧಾನ ದೊರೆತದ್ದು ೧೮೪೧ರಲ್ಲಿ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗನು ಸಣ್ಣ ಕಡ್ಡಿಯಿಂದ ಪೊರೆಯನ್ನು ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ತೋರಿಸಿದ. ಇಂದಿಗೂ ಲೋಕವೆಲ್ಲ ಅನುಸರಿಸುತ್ತಿರುವುದು ಅದೇ ಕ್ರಮ. ದಾಸ್ಯ ರದ್ದಾದ ಮೇಲೆ ಅವನಿಗೆ ಆಲ್ಬಿಯಸ್ ಎಂಬ ಮನೆತನದ ಹೆಸರು ಸಿಕ್ಕಿತು; ಸಂಪತ್ತು ಸಿಗಲಿಲ್ಲ. ದ್ವೀಪವನ್ನು ಶ್ರೀಮಂತಗೊಳಿಸಿದ ಆತ ೧೮೮೦ರಲ್ಲಿ ಬಡವನಾಗಿಯೇ ಸತ್ತ. ದುಡಿದ ಕೈಗೂ ಹಣ ಸೇರುವ ಕೈಗೂ ನಡುವಿನ ಆ ದೂರ ಮುಂದೆಯೂ ಈ ಬೆಳೆಯನ್ನು ಬಿಡಲಿಲ್ಲ.

ಮಲೆನಾಡಿನಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ ಕಲಿತರು. ಬೆಳಗಿನ ಆರು ಗಂಟೆಯಿಂದ ನಡುಹಗಲಿನೊಳಗೆ ಕೈ ಪಳಗಿದವರು ಸಾವಿರದಷ್ಟು ಹೂಗಳನ್ನು ಮುಗಿಸಬಲ್ಲರು. ಗೊಂಚಲಿಗೆ ಎಂಟು-ಹತ್ತು ಕೋಡು ಉಳಿಸಿ ಮಿಕ್ಕ ಮೊಗ್ಗುಗಳನ್ನು ತೆಗೆದುಹಾಕಬೇಕು. ಆಸೆಯಿಂದ ಎಲ್ಲವನ್ನೂ ಕಾಯಿಗಟ್ಟಿಸಿದರೆ ಕೋಡು ಸಣ್ಣದಾಗುತ್ತದೆ, ಬಳ್ಳಿ ಸೊರಗುತ್ತದೆ, ಬೇರುಕೊಳೆ ರೋಗಕ್ಕೆ ದಾರಿಯಾಗುತ್ತದೆ. ಕೋಡು ಬಲಿಯಲು ಒಂಬತ್ತು-ಹತ್ತು ತಿಂಗಳು ಬೇಕು. ತುದಿ ತುಸು ಹಳದಿಗೆ ತಿರುಗುವವರೆಗೆ ಕಾಯಬೇಕು. ಈ ಕಾಯುವಿಕೆಯೇ ಮುಂದೆ ದೊಡ್ಡ ಪರೀಕ್ಷೆಯಾಯಿತು.

ಪರಿಮಳ ಹುಟ್ಟುವ ಬಗೆ

ಬಳ್ಳಿಯಿಂದ ಕಿತ್ತ ಹಸಿ ಕೋಡಿಗೆ ವಾಸನೆಯೇ ಇಲ್ಲ. ವೆನಿಲಿನ್ ಎಂಬ ಪರಿಮಳದ ಅಣು ಸಕ್ಕರೆಯ ಅಣುವಿಗೆ ಅಂಟಿಕೊಂಡು ಕೋಡಿನೊಳಗೆ ನಿದ್ರಿಸುತ್ತಿರುತ್ತದೆ. ಅದನ್ನು ಬಿಡಿಸುವ ಕೆಲಸವೇ ಸಂಸ್ಕರಣೆ. ಕೋಡುಗಳನ್ನು ೬೩-೬೫ ಡಿಗ್ರಿ ಬಿಸಿಯ ನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆಯುತ್ತಾರೆ. ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಕೋಶಗಳು ಒಡೆದು ಕಿಣ್ವಗಳು ಕೆಲಸಕ್ಕೆ ತೊಡಗುತ್ತವೆ. ಬಿಸಿಯಾಗಿರುವಾಗಲೇ ಉಣ್ಣೆಯ ಕಂಬಳಿಯಲ್ಲಿ ಸುತ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಬೆವರಿಸುತ್ತಾರೆ. ಮರುದಿನದಿಂದ ಒಂದೆರಡು ವಾರ, ದಿನಕ್ಕೆ ಕೆಲವು ಗಂಟೆ ಬಿಸಿಲು, ಮತ್ತೆ ಕಂಬಳಿ. ಶಿರಾ ಸೀಮೆಯ ಕುರಿಗಂಬಳಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ ಕೆಲವು ವಾರ ಒಣಗಿಸಿ, ಕಟ್ಟು ಕಟ್ಟಿ, ಪೆಟ್ಟಿಗೆಯಲ್ಲಿ ಎರಡು-ಮೂರು ತಿಂಗಳು ಹದಕ್ಕೆ ಬಿಡುತ್ತಾರೆ. ಹಸಿರು ಕೋಡು ಕಪ್ಪಾಗಿ, ಎಣ್ಣೆಯ ಹೊಳಪು ಪಡೆದು, ಬೆರಳಿಗೆ ಸುತ್ತಿದರೂ ಮುರಿಯದಷ್ಟು ಮೆದುವಾಗುತ್ತದೆ. ಆಗಲೇ ಅದು ವೆನಿಲ್ಲಾ. ಐದಾರು ಕಿಲೋ ಹಸಿ ಕೋಡು ಒಂದು ಕಿಲೋ ಆಗುವ ಈ ಪಯಣದಲ್ಲಿ ದೊಡ್ಡ ಯಂತ್ರ ಬೇಕಿಲ್ಲ; ಉಷ್ಣಮಾಪಕ, ಕಂಬಳಿ, ಮರದ ಪೆಟ್ಟಿಗೆ, ಮತ್ತು ಬೂಜು ಹಿಡಿದ ಒಂದು ಕೋಡನ್ನೂ ಬಿಡದೆ ಹೆಕ್ಕಿ ತೆಗೆಯುವ ತಾಳ್ಮೆಯ ಕಣ್ಣು ಸಾಕು.

ಒಂದು ಮಾತನ್ನು ಗಮನಿಸಬೇಕು. ಬೆಳೆಯ ಬೆಲೆ ಹುಟ್ಟುವುದು ತೋಟದಲ್ಲಲ್ಲ, ಈ ಕಂಬಳಿಯೊಳಗೆ. ಸರಿಯಾಗಿ ಸಂಸ್ಕರಿಸಿದ ಕೋಡು ತಂಪಾದ, ಒಣಗಿದ ಜಾಗದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಹಸಿ ಕೋಡು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಸಂಸ್ಕರಿಸಬಲ್ಲವನು ಬೆಲೆಗಾಗಿ ಕಾಯಬಲ್ಲ. ಹಸಿ ಕೋಡನ್ನು ಕೈಯಲ್ಲಿ ಹಿಡಿದವನು ಅಂದು ಸಂಜೆ ಬಂದ ವ್ಯಾಪಾರಿ ಹೇಳಿದ ದರಕ್ಕೆ ತಲೆಬಾಗಬೇಕು.

ಏರಿದ ಬೆಲೆ, ಇಳಿದ ಬೆಲೆ

ಮಲೆನಾಡಿನಲ್ಲಿ ವಾಣಿಜ್ಯದ ವೆನಿಲ್ಲಾ ಬೇರೂರಿದ್ದು ೧೯೯೦ರ ದಶಕದಲ್ಲಿ. ಸಂಬಾರ ಮಂಡಳಿ ಪ್ರೋತ್ಸಾಹಿಸಿತು. ಆದರೂ ಅಲ್ಲೊಂದು ಇಲ್ಲೊಂದು ಆಸಕ್ತರ ತೋಟಕ್ಕೆ ಸೀಮಿತವಾಗಿತ್ತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದರು. ಸುಳ್ಯ, ಶೃಂಗೇರಿ, ಕೊಪ್ಪದ ಕೆಲವೆಡೆ ಹಳದಿ ಎಲೆ ರೋಗ ತೋಟಗಳನ್ನು ತಿನ್ನುತ್ತಿತ್ತು. ಅದೇ ಹೊತ್ತಿಗೆ, ೨೦೦೦ದ ಏಪ್ರಿಲಿನಲ್ಲಿ, ಲೋಕಕ್ಕೆ ವೆನಿಲ್ಲಾ ಒದಗಿಸುವ ಮಡಗಾಸ್ಕರ್ ದ್ವೀಪಕ್ಕೆ ಹುದಾ ಎಂಬ ಚಂಡಮಾರುತ ಬಡಿಯಿತು. ಮುಂದೆ ಅಲ್ಲಿ ರಾಜಕೀಯ ಗಲಭೆಯೂ ಎದ್ದಿತು. ಬೆಲೆ ಆಕಾಶಕ್ಕೇರಿತು. ೨೦೦೩ರ ವೇಳೆಗೆ ಸಂಸ್ಕರಿಸಿದ ವೆನಿಲ್ಲಾ ವಿದೇಶಿ ಮಾರುಕಟ್ಟೆಯಲ್ಲಿ ಕಿಲೋಗೆ ೪೦೦-೫೦೦ ಡಾಲರ್ ಮುಟ್ಟಿತು. ಕರ್ನಾಟಕದಲ್ಲಿ ಹಸಿ ಕೋಡೇ ಕಿಲೋಗೆ ೩,೦೦೦ ರೂಪಾಯಿ ದಾಟಿತು.

ಮಲೆನಾಡು ಅದಕ್ಕೆ ಮೊದಲು ಕಾಣದ ದೃಶ್ಯಗಳನ್ನು ಕಂಡಿತು. ಕೋಡಿಗಿಂತ ಬಳ್ಳಿಯ ತುಂಡನ್ನು ಮಾರಿದವರು ಹೆಚ್ಚು ಗಳಿಸಿದರು. ರಾತ್ರಿ ತೋಟಕ್ಕೆ ನುಗ್ಗಿ ಬಳ್ಳಿಯನ್ನೂ ಕೋಡನ್ನೂ ಕೊಯ್ದೊಯ್ಯುವ ಕಳ್ಳತನ ಶುರುವಾಯಿತು. ಮನೆಗೆ ಬೀಗ ಹಾಕದ ಊರುಗಳಲ್ಲಿ ತೋಟಕ್ಕೆ ಬೇಲಿ, ನಾಯಿ, ಕಾವಲು ಬಂದವು. ನೆರೆಹೊರೆಯವರ ನಡುವೆ ಸಂಶಯ ಹುಟ್ಟಿತು. ಕಳವಿಗೆ ಹೆದರಿದವರು ಆರೇಳು ತಿಂಗಳಿಗೇ ಎಳೆಯ ಕೋಡನ್ನು ಕೊಯ್ದರು. ಎಳೆಯ ಕೋಡಿನಲ್ಲಿ ಪರಿಮಳದ ಮೂಲದ್ರವ್ಯವೇ ಕಡಿಮೆ. ಎಷ್ಟು ಜಾಣತನದಿಂದ ಸಂಸ್ಕರಿಸಿದರೂ ಇಲ್ಲದ್ದು ಹುಟ್ಟದು. ಹೀಗೆ ಬೆಲೆ ಏರಿದ ದಿನಗಳಲ್ಲಿಯೇ ಗುಣಮಟ್ಟದ ಹೆಸರು ಕೆಟ್ಟಿತು. ಕಾಡಿನ ಅಂಚಿನ ಗಿಡಗಂಟಿ ಸವರಿ, ಬೇರೆ ಬೆಳೆ ತೆಗೆದು, ವೆನಿಲ್ಲಾ ಒಂದನ್ನೇ ದಟ್ಟವಾಗಿ ನೆಟ್ಟ ಕಡೆ ಬೇರುಕೊಳೆ, ಕಾಂಡಕೊಳೆಗಳು ಬಳ್ಳಿಯಿಂದ ಬಳ್ಳಿಗೆ ಹಬ್ಬಿದವು. ಎಲ್ಲ ಗಿಡಗಳೂ ತುಂಡಿನಿಂದಲೇ ಬೆಳೆದವುಗಳಾದ್ದರಿಂದ ಒಂದಕ್ಕೆ ತಗುಲಿದ ರೋಗವನ್ನು ತಡೆಯುವ ಶಕ್ತಿ ಪಕ್ಕದ್ದಕ್ಕೂ ಇರಲಿಲ್ಲ.

ಅತ್ತ ದುಬಾರಿ ಬೆಲೆಗೆ ಬೇಸತ್ತ ಆಹಾರ ಕಂಪನಿಗಳು ಸದ್ದಿಲ್ಲದೆ ಕೃತಕ ವೆನಿಲಿನ್‌ಗೆ ಹೊರಳಿದವು. ಅನೇಕ ದೇಶಗಳಲ್ಲಿ ನೆಟ್ಟ ಹೊಸ ಬಳ್ಳಿಗಳೆಲ್ಲ ಒಟ್ಟಿಗೆ ಫಲ ಕೊಡತೊಡಗಿದವು. ೨೦೦೪ರ ಮಾರ್ಚಿನಲ್ಲಿ ಗಾಫಿಲೋ ಚಂಡಮಾರುತ ಮಡಗಾಸ್ಕರನ್ನು ಮತ್ತೆ ಬಡಿದರೂ ಬೆಲೆ ನಿಲ್ಲಲಿಲ್ಲ. ಒಂದೆರಡು ವರ್ಷಗಳಲ್ಲಿ ವಿದೇಶಿ ಧಾರಣೆ ೫೦ ಡಾಲರಿಗೂ ಕೆಳಗಿಳಿಯಿತು. ಮಲೆನಾಡಿನಲ್ಲಿ ಹಸಿ ಕೋಡು ೧೦೦ ರೂಪಾಯಿಗೂ ಕೇಳುವವರಿಲ್ಲದಂತಾಯಿತು. ಸಾಲ ತಂದು ತುಂಡು ನೆಟ್ಟವರ ಬಳ್ಳಿ ಮೊದಲ ಹೂ ಬಿಡುವ ಹೊತ್ತಿಗೆ ಜಾತ್ರೆ ಮುಗಿದಿತ್ತು.

ಇದು ಒಮ್ಮೆ ನಡೆದು ಮುಗಿದ ಆಕಸ್ಮಿಕವೂ ಅಲ್ಲ. ೨೦೧೫ರ ಬಳಿಕ ಬೆಲೆ ಪುನಃ ಏರಿತು. ೨೦೧೭ರ ಎನಾವೋ ಚಂಡಮಾರುತದ ನಂತರ ಕಿಲೋಗೆ ೬೦೦ ಡಾಲರ್ ಸಮೀಪಿಸಿತು. ೨೦೨೦ರಲ್ಲಿ ಮಡಗಾಸ್ಕರ್ ಸರಕಾರ ೨೫೦ ಡಾಲರ್ ಕನಿಷ್ಠ ರಫ್ತು ದರ ನಿಗದಿ ಮಾಡಿತು, ಕೊಳ್ಳುವವರು ಹಿಂಜರಿದರು, ೨೦೨೩ರಲ್ಲಿ ಆ ನಿರ್ಬಂಧ ತೆಗೆದೊಡನೆ ದಾಸ್ತಾನು ಹೊರನುಗ್ಗಿ ಬೆಲೆ ೧೦೦ ಡಾಲರಿಗಿಂತ ಕೆಳಗೆ ಜಾರಿತು. ಬಳ್ಳಿ ನೆಟ್ಟು ಫಲ ಕೈಗೆ ಬರಲು ನಾಲ್ಕು ವರ್ಷ. ಬೆಲೆ ಕುಸಿಯಲು ನಾಲ್ಕು ತಿಂಗಳು ಸಾಕು. ಬೆಲೆ ಏರಿದ ಸುದ್ದಿ ಕೇಳಿ ನೆಡುವವನು ಬೆಲೆ ಇಳಿದಾಗ ಕೊಯ್ಯುತ್ತಾನೆ.

ಸಾರದ ಲೆಕ್ಕ

ಕೃತಕ ವೆನಿಲಿನ್‌ನೊಡನೆ ಸ್ಪರ್ಧೆ ಎಂತಹುದು ಎಂಬುದನ್ನು ಒಂದು ಲೆಕ್ಕ ಹೇಳುತ್ತದೆ. ಉತ್ತಮ ಸಂಸ್ಕರಿತ ಕೋಡಿನಲ್ಲಿ ವೆನಿಲಿನ್ ಶೇ. ೨ರ ಸುಮಾರು. ಅಂದರೆ ಒಂದು ಕಿಲೋ ಹಸಿ ಕೋಡಿನಿಂದ ಅಂತಿಮವಾಗಿ ದೊರೆಯುವ ವೆನಿಲಿನ್ ಮೂರು ಗ್ರಾಂ ಮಾತ್ರ. ೧೮೭೪ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಕಂಡುಹಿಡಿದ ದಾರಿಯಿಂದ ಮೊದಲುಗೊಂಡು, ಕಾಗದದ ಕಾರ್ಖಾನೆಯ ತ್ಯಾಜ್ಯದಿಂದ, ಈಗ ಬಹುಪಾಲು ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ, ತಯಾರಾಗುವ ಅಷ್ಟೇ ವೆನಿಲಿನ್‌ಗೆ ಕೆಲವೇ ರೂಪಾಯಿ. ವೆನಿಲಿನ್ ಒಂದನ್ನೇ ಮಾರಹೊರಟರೆ ಮಲೆನಾಡಿನ ರೈತ ಯಾವ ಕಾಲಕ್ಕೂ ಗೆಲ್ಲಲಾರ. ಆದರೆ ನಿಜವಾದ ವೆನಿಲ್ಲಾದಲ್ಲಿ ಇರುವುದು ಆ ಒಂದು ದ್ರವ್ಯವಷ್ಟೇ ಅಲ್ಲ. ನೂರಾರು ಸೂಕ್ಷ್ಮ ಪರಿಮಳಗಳ ಮೇಳ. ಅದರ ರುಚಿ ಬಲ್ಲ ಗಿರಾಕಿ ಬೇರೆ. ಅವನನ್ನು ತಲುಪುವ ನೇರ ದಾರಿಗಳಲ್ಲಿ ಒಂದು, ಸಾರ.

ಸಾರ ತೆಗೆಯುವುದು ಕಷ್ಟವಲ್ಲ. ಸಂಸ್ಕರಿಸಿದ ಕೋಡನ್ನು ಸೀಳಿ, ಸಣ್ಣದಾಗಿ ತುಂಡರಿಸಿ, ಗಾಜಿನ ಪಾತ್ರೆಯಲ್ಲಿ ಮದ್ಯಸಾರ ಮತ್ತು ನೀರಿನ ಮಿಶ್ರಣದಲ್ಲಿ ನೆನೆಹಾಕಬೇಕು. ಅಮೆರಿಕದ ನಿಯಮದಂತೆ ಸಾರವೆನಿಸಿಕೊಳ್ಳಲು ಲೀಟರಿಗೆ ಸುಮಾರು ೧೦೦ ಗ್ರಾಂ ಕೋಡು, ಕನಿಷ್ಠ ಶೇ. ೩೫ ಮದ್ಯಸಾರ ಇರಬೇಕು. ಬೆಳಕು ಬೀಳದ ಜಾಗದಲ್ಲಿಟ್ಟು ಆಗಾಗ ಕುಲುಕಿದರೆ ಎರಡು ತಿಂಗಳಲ್ಲಿ ಬಣ್ಣ ಬರುತ್ತದೆ, ಆರು ತಿಂಗಳಲ್ಲಿ ಪರಿಮಳ ಮಾಗುತ್ತದೆ. ಆರು ಕಿಲೋ ಹಸಿ ಕೋಡು ಒಂದು ಕಿಲೋ ಸಂಸ್ಕರಿತ ಕೋಡಾಗಿ, ಹತ್ತು ಲೀಟರು ಸಾರವಾಗುತ್ತದೆ. ಮೂವತ್ತು ಮಿಲಿಲೀಟರಿನ ಶೀಶೆಗಳಲ್ಲಿ ತುಂಬಿದರೆ ಮುನ್ನೂರಕ್ಕೂ ಹೆಚ್ಚು. ನೆನೆದ ಕೋಡನ್ನು ಎಸೆಯಬೇಕಿಲ್ಲ. ಒಣಗಿಸಿ ಸಕ್ಕರೆಯಲ್ಲಿ ಹುದುಗಿಸಿಟ್ಟರೆ ಸಕ್ಕರೆಯೂ ಪರಿಮಳಿಸುತ್ತದೆ.

ಕೆಲಸ ಸುಲಭವಾದರೂ ಸಣ್ಣ ರೈತ ಇಲ್ಲಿಗೆ ತಲುಪುವುದು ಅಪರೂಪ. ಮಾರಾಟಕ್ಕಾಗಿ ಶುದ್ಧ ಮದ್ಯಸಾರ ತಂದಿಟ್ಟುಕೊಳ್ಳಲು ಅಬಕಾರಿ ಪರವಾನಗಿ ಬೇಕು. ಆಹಾರ ಪದಾರ್ಥವಾಗಿ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು. ಹತ್ತು ಲೀಟರು ಸಾರಕ್ಕಾಗಿ ಒಬ್ಬ ರೈತ ಇಷ್ಟೆಲ್ಲ ಕಚೇರಿಗಳನ್ನು ಹತ್ತಿಳಿಯಲಾರ. ಐವತ್ತು ಮನೆಗಳ ಗುಂಪಿಗೆ ಅದು ಸಾಧ್ಯ. ಹಾಗಾಗಿ ಮನೆಯಲ್ಲಿಯೇ ಸಾರ ತೆಗೆದು ಶ್ರೀಮಂತರಾಗಿರಿ ಎಂದು ಒಬ್ಬೊಬ್ಬ ರೈತನಿಗೆ ಹೇಳುವವರು ಅರ್ಧ ಸತ್ಯವನ್ನೇ ಹೇಳುತ್ತಾರೆ. ಸಾರ ತೆಗೆಯುವ ವಿದ್ಯೆ ಮನೆಯದಾಗಬಹುದು, ಮಾರಾಟ ಮಾತ್ರ ಕೂಡಿ ಮಾಡಬೇಕಾದ ಕೆಲಸ.

ಕೋಕೋ ಕಲಿಸಿದ್ದು

ಹೀಗೆ ಕೂಡಿ ಮಾಡಿ ಗೆದ್ದ ಉದಾಹರಣೆಗೆ ದೂರ ಹೋಗಬೇಕಿಲ್ಲ. ವೆನಿಲ್ಲಾ ಸೋತ ಅದೇ ಪುತ್ತೂರಿನಲ್ಲಿ ಇನ್ನೊಂದು ಪರದೇಶಿ ಬೆಳೆ ಉಳಿದಿದೆ. ಅಡಿಕೆಯ ನಡುವೆ ಕೋಕೋ ನೆಡಿಸಿದ ಖಾಸಗಿ ಖರೀದಿದಾರರು ೧೯೮೦ರ ಸುಮಾರಿಗೆ, ಜಾಗತಿಕ ಬೆಲೆ ಬಿದ್ದಾಗ, ಹಿಂದೆ ಸರಿದರು. ಆಗ ಕೊಳ್ಳಲು ಮುಂದೆ ಬಂದದ್ದು ೧೯೭೩ರಲ್ಲಿ ಬೆಳೆಗಾರರೇ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. ಕೊಂಡ ಬೀಜವನ್ನು ಹಾಗೆಯೇ ಮಾರುವುದಕ್ಕೆ ತೃಪ್ತವಾಗದೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಂದಿನಿಂದ ಕೋಕೋ ಬೆಲೆ ಏರಿದ್ದೂ ಉಂಟು, ಇಳಿದದ್ದೂ ಉಂಟು. ಕೇಳುವವರೇ ಇಲ್ಲವೆಂಬ ಸ್ಥಿತಿ ಮರಳಿಲ್ಲ. ಒಂದೇ ಮಣ್ಣು, ಒಂದೇ ಮಳೆ, ಒಂದೇ ರೈತರು. ಒಂದು ಬೆಳೆಯ ಕೊನೆಯ ಹಂತ ಊರಿನಲ್ಲಿತ್ತು, ಇನ್ನೊಂದರದು ಇರಲಿಲ್ಲ.

ವೆನಿಲ್ಲಾದಲ್ಲಿಯೂ ಪ್ರಯತ್ನ ನಡೆಯದೆ ಇರಲಿಲ್ಲ. ಕೇರಳದಲ್ಲಿ ೨೦೦೪ರಲ್ಲಿ ಬೆಳೆಗಾರರು ಸೇರಿ ವೆನಿಲ್ಕೋ ಎಂಬ ಉತ್ಪಾದಕರ ಕಂಪನಿ ಕಟ್ಟಿದರು. ಆದರೆ ಅದು ಬಂದದ್ದು ಬೆಲೆಯ ತುದಿಯಲ್ಲಿ. ಒಲೆ ಉರಿಯುತ್ತಿದ್ದಾಗ ಕಟ್ಟಬೇಕಾದ ಸೂರನ್ನು ಮಳೆ ಬಂದ ಮೇಲೆ ಕಟ್ಟಲು ಹೊರಟಂತಾಯಿತು. ಬೆಳೆ ಹಬ್ಬಿಸುವ ಮೊದಲೇ ಸಂಸ್ಕರಣೆಯ ಗುಂಪು ಕಟ್ಟಬೇಕೆಂಬುದು ಇದರಿಂದ ಸಿಗುವ ಪಾಠ.

ಮಲೆನಾಡಿನಲ್ಲಿ ಇಂದಿಗೂ ವೆನಿಲ್ಲಾಕ್ಕೆ ಒಂದು ಮೂಲೆಯಿದೆ. ತೋಟಕ್ಕೆ ಐವತ್ತು, ಹೆಚ್ಚೆಂದರೆ ನೂರು ಬಳ್ಳಿ. ಮನೆಯವರ ಬೆಳಗಿನ ಎರಡು ಗಂಟೆಯಲ್ಲಿ ಮುಗಿಯುವಷ್ಟು ಹೂ. ಹೊಸ ಕಾಡು ಕಡಿಯದೆ, ರಾಸಾಯನಿಕ ಸುರಿಯದೆ, ಇರುವ ಮರಗಳ ಮೇಲೆ. ಕೊಯ್ಲಿನ ದಿನವನ್ನು ಊರೇ ಕೂಡಿ ನಿಶ್ಚಯಿಸಿದರೆ ಎಳೆಯ ಕೋಡಿನ ಕಳ್ಳತನಕ್ಕೆ ಗಿರಾಕಿ ಇರುವುದಿಲ್ಲ. ಊರಿಗೊಂದು ಸಂಸ್ಕರಣೆಯ ಕೊಠಡಿ, ಹೋಬಳಿಗೊಂದು ಸಾರ ತೆಗೆಯುವ ಪರವಾನಗಿ ಇದ್ದರೆ, ಬೆಲೆ ಬಿದ್ದ ವರ್ಷ ಕಪ್ಪು ಕೋಡು ಪೆಟ್ಟಿಗೆಯಲ್ಲಿ ಮಲಗಿ ಕಾಯಬಲ್ಲದು. ಹೀಗೆ ಬೆಳೆದ ವೆನಿಲ್ಲಾ ಯಾರನ್ನೂ ಸಾಹುಕಾರರನ್ನಾಗಿ ಮಾಡುವುದಿಲ್ಲ. ಯಾರ ಮನೆಯನ್ನೂ ಮುರಿಯುವುದೂ ಇಲ್ಲ.

ಪಿನಾಕಿನಿಯ ದಂಡೆಗೆ ಮರಳಿ

ನಾಗಲಮಡಿಕೆಯ ರೈತರಿಗೆ ಈ ಕಥೆ ಹೇಳುವುದೇನು? ವೆನಿಲ್ಲಾ ಬೇಡ ಎಂದಷ್ಟೇ ಅಲ್ಲ. ಅವರ ಹೊಲದ ಬದುವಿನಲ್ಲಿ ನಿಂತಿರುವ ಹುಣಸೆಮರವನ್ನು ಹೊಸ ಕಣ್ಣಿನಿಂದ ನೋಡಿ ಎಂದೂ ಹೇಳುತ್ತದೆ.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯ ಹುಣಸೆಗೆ ಯಾರೂ ಕೊಳವೆಬಾವಿ ಕೊರೆಯಬೇಕಿಲ್ಲ. ಬರಗಾಲದಲ್ಲಿ ಕಡಲೆಕಾಯಿ ಕೈಕೊಟ್ಟ ವರ್ಷವೂ ಅದು ಒಂದಿಷ್ಟು ಕೊಡುತ್ತದೆ. ಆದರೆ ಅನೇಕ ಮರಗಳ ಫಸಲು ಮರದಲ್ಲಿರುವಾಗಲೇ ಗುತ್ತಿಗೆಗೆ ಹೋಗುತ್ತದೆ. ಹಣ್ಣು ಉದುರಿಸಿ, ಕುಟ್ಟಿ, ನಾರು-ಬೀಜ ಬಿಡಿಸುವ ಹೆಂಗಸರಿಗೆ ದಕ್ಕುವುದು ಕೂಲಿ. ಸರಕು ಗಡಿಯಾಚೆಯ ಹಿಂದೂಪುರದ ಮಂಡಿಗೆ ಹೋಗುತ್ತದೆ. ಸುಗ್ಗಿಯಲ್ಲಿ ಅಗ್ಗಕ್ಕೆ ಕೊಂಡವರು ಶೀತಲಗೃಹದಲ್ಲಿಟ್ಟು, ಬಣ್ಣ ಕಪ್ಪಾಗದಂತೆ ಕಾಯ್ದು, ಮಳೆಗಾಲದಲ್ಲಿ ಮಾರುತ್ತಾರೆ. ಬೀಜವನ್ನು ಹುರಿದು ಪುಡಿಮಾಡಿ ನೂಲಿನ ಗಂಜಿಗೆ ಬಳಸುವ ಕಾರ್ಖಾನೆಗಳಿವೆ. ಬೆಳೆದವರಿಗೆ ಆ ಬೀಜ ಕಸದ ಬೆಲೆಯದು. ಹಸಿ ಕೋಡು ಮಾರಿದ ಸುಳ್ಯದ ರೈತನಿಗೂ ಮರದ ಮೇಲಿನ ಹುಣಸೆ ಮಾರುವ ಪಾವಗಡದ ರೈತನಿಗೂ ಏನು ವ್ಯತ್ಯಾಸ? ಹುಣಸೆಯ ಸಾರ ತೆಗೆಯಲು ಅಬಕಾರಿ ಪರವಾನಗಿಯೂ ಬೇಕಿಲ್ಲ. ನೀರು, ಜರಡಿ, ಕಾಯಿಸಿ ಮಂದಗೊಳಿಸುವ ಸ್ಟೀಲ್ ಪಾತ್ರೆ, ಶುಚಿಯಾದ ಕೊಠಡಿ ಸಾಕು. ಕಡಲೆಕಾಯಿಗೂ ಇದೇ ಮಾತು: ಎಣ್ಣೆ, ಹಿಂಡಿ ಎರಡೂ ಊರಿನಲ್ಲೇ ಉಳಿಯಲು ಊರಿನದೇ ಗಾಣ ಬೇಕು.

ಈ ಹೋಬಳಿ ಬೇರೊಂದು ಬಗೆಯ ಬೇಸಾಯವನ್ನೂ ಕಂಡಿದೆ. ತಿರುಮಣಿಯ ಸುತ್ತಲಿನ ಊರುಗಳ ಸುಮಾರು ೧೩,೦೦೦ ಎಕರೆಯಲ್ಲಿ, ೨೦೧೮ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ ಮುಂದೆ ೨,೦೫೦ ಮೆಗಾವ್ಯಾಟಿಗೆ ಬೆಳೆದ ಸೌರ ಉದ್ಯಾನ ಹರಡಿಕೊಂ‌ಡಿದೆ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭವಾದ ಗುತ್ತಿಗೆ ಹಣ ಭೂಮಿಯುಳ್ಳವರಿಗೆ ಮಳೆಯನ್ನು ನಂಬದ ಆದಾಯ ತಂದಿದೆ. ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಭೂರಹಿತರಿಗೆ ಅದರಲ್ಲಿ ಪಾಲಿಲ್ಲ. ಬಿಸಿಲೂ ಒಂದು ಬೆಳೆಯೇ. ಅದನ್ನೂ ಇಲ್ಲಿಂದ ಹಸಿಯಾಗಿಯೇ ಕೊಂಡೊಯ್ಯಲಾಗುತ್ತಿದೆ. ಆ ವಿದ್ಯುತ್ತಿನ ಒಂದು ಸಣ್ಣ ಪಾಲು ಹೋಬಳಿಯಲ್ಲೇ ಉಳಿದು, ಹುಣಸೆಯ ಶೀತಲಗೃಹವನ್ನೂ ಹೆಂಗಸರ ಗುಂಪಿನ ಗಾಣವನ್ನೂ ನಡೆಸಿದರೆ, ಕೂಲಿಯವರಿಗೂ ಅದರಲ್ಲಿ ಜಾಗ ದೊರೆತೀತು. ಒಣ ತಾಲ್ಲೂಕುಗಳಲ್ಲಿ ಪರದೆ ಮನೆ ಕಟ್ಟಿ ಮಳೆಕಾಡಿನ ಬಳ್ಳಿ ಬೆಳೆಯಲು ಸಹಾಯಧನ ಕೊಡುವ ಯೋಚನೆ ಯಾವ ಕಚೇರಿಯಲ್ಲಿಯೇ ಹುಟ್ಟಲಿ, ಗ್ರಾಮಸಭೆಗಳು ಅದನ್ನು ತಿರಸ್ಕರಿಸಿ ಈ ಎರಡನ್ನು ಕೇಳಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. ತಂತಮ್ಮ ಊರಿನ ಒಂದು ಫಸಲನ್ನು, ಅದು ಹುಣಸೆಯಿರಲಿ, ಹೊಂಗೆಬೀಜವಿರಲಿ, ಸೀಗೆಯಿರಲಿ, ಬೆಟ್ಟದಲ್ಲಾದರೆ ಮುರುಗಲು, ಉಪ್ಪಾಗೆಯಿರಲಿ, ಆರಿಸಿಕೊಂಡು, ಅದು ಯಾವ ಕೈಯಿಂದ ಯಾವ ಕೈಗೆ ಹೋಗುತ್ತದೆ, ಪ್ರತಿ ಕೈಯಲ್ಲಿ ಬೆಲೆ ಎಷ್ಟು ಏರುತ್ತದೆ ಎಂದು ಬರೆದಿಡುವುದು. ಬೆಲೆ ಹೆಚ್ಚು ಏರುವ ಕಡೆ ಯಾವ ಕೆಲಸ ನಡೆಯುತ್ತದೆಯೋ ಆ ಕೆಲಸವನ್ನು ಊರು ಕಲಿಯಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿದರೆ ಚರ್ಚೆಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೆ ಬೇಕಿಲ್ಲ.

ಕುಕ್ಕೆಯಿಂದ ನಾಗಲಮಡಿಕೆಯವರೆಗೆ ಮಳೆ ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ, ಬೆಳೆ ಬದಲಾಗಲೇಬೇಕು. ಬದಲಾಗದೆ ಬಂದಿರುವುದು ಒಂದೇ: ಹಸಿ ಸರಕನ್ನು ಕೊಟ್ಟು ಸುಮ್ಮನಾಗುವ ಅಭ್ಯಾಸ. ಮೊದಲು ಬದಲಾಗಬೇಕಾದದ್ದು ಅದು.